ಸೀಮೆಸುಣ್ಣದ ಚೌಕ

ಆ ಶನಿವಾರ ಎಂದಿನಂತೆಯೇ ಇತ್ತು. ಚನ್ನಪಟ್ಟಣದ ನಮ್ಮ ಗೊಂಬೆ ಕಾರ್ಖಾನೆಗೆ ಮರ ಕಡೆಯುವ ಹೊಸ ಯಂತ್ರಗಳು ಬರುವುದರಲ್ಲಿದ್ದವು. ಮೇಸ್ತ್ರಿ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಒಂದು ಯಂತ್ರದಷ್ಟು ಚೌಕ ಬರೆದರು. "ಇದೇ ಮಿಸೀನು ಅನ್ಕೊಂಡು ಓಡಾಡ್ರಿ. ಯಾರ ಮೊಣಕೈಗೆ ತಗಲ್ತದೋ ನೋಡಾನ."

"ಪೂರ್ತಿ ಪ್ಲಾನು ಯಾವಾಗ?" ಎಂದರು ಮಾಲೀಕರು.

"ಒಸಿ ತಡೀರಿ ಸಾಮಿ, ಮೊದ್ಲು ಇದೊಂದು ಕೂರ್ಲಿ."

ಮರ ಹೊತ್ತು ಬಂದ ನಾನು ಚೌಕ ತುಳಿದೆ. "ಏನ್ಲಾ, ಮಿಸೀನೊಳ್ಗೇ ಹೋಗ್ಬುಟ್ಯಲ್ಲ! ಕಾಲು ಐತಾ, ಹೋಯ್ತಾ?" ಎಂದು ಮೇಸ್ತ್ರಿ ನಕ್ಕು, ಅದನ್ನು ಅಳಿಸಿ ಗೋಡೆಯತ್ತ ಸರಿಸಿ ಬರೆದರು. "ಸೋಮವಾರ ಇನ್ನೊಂದ್ಸಲ ನೋಡಾನ."

ಭಾನುವಾರ ಹಾಲು ತರಲು ಹೋದ ಮೇಸ್ತ್ರಿ ಅಂಗಡಿಯ ಮುಂದೆಯೇ ಕುಸಿದು ತೀರಿಕೊಂಡರು. ಸುದ್ದಿ ಕೇಳಿದಾಗ ನಾನು, "ಯಾವ ಮೇಸ್ತ್ರಿ?" ಎಂದೆ.

ಯಂತ್ರಗಳು ಬಂದು ಬಾಗಿಲ ಬಳಿ ನಿಂತಿವೆ. ನಾವು ಈಗಲೂ ಆ ಚೌಕವನ್ನು ಸುತ್ತಿಕೊಂಡೇ ಓಡಾಡುತ್ತೇವೆ. ಸರಿಯಾಯ್ತು, ಕೂರಿಸಿ ಎಂದು ಹೇಳುವವರಿಲ್ಲ.