ವೇಟಿಂಗ್ ರೂಮಿನಲ್ಲಿ ಈರಣ್ಣ

ಗೆಳೆಯರೇ, ಬಡವನಹಳ್ಳಿ ಪಕ್ಕದ ಕುರಿಗಾಹಿ ಈರಣ್ಣನನ್ನು ಇವತ್ತು ಅವನ ಹೊಲದಲ್ಲೇ ಮಣ್ಣು ಮಾಡಿದೆವು. ಗುಂಡಿ ಎಲ್ಲಿ ತೋಡಬೇಕೆಂಬುದಕ್ಕೇ ಜಗಳ. ಎಪ್ಪತ್ತರ ದಶಕದಲ್ಲಿ ಸರ್ವೆಯವರು ಅಲ್ಲಿ ಕಲ್ಲು ನೆಟ್ಟು, ರೈಲ್ವೆ ಸ್ಟೇಷನ್ ಬರುತ್ತದೆಂದು ಹೇಳಿ ಹೋಗಿದ್ದರು. ಅಂದಿನಿಂದ ಈರಣ್ಣ ಆ ಜಾಗ ಉಳಲೇ ಇಲ್ಲ. ಟಿಕೆಟ್ ಕಿಟಕಿ ಇಲ್ಲಿ, ವೇಟಿಂಗ್ ರೂಮು ಅಲ್ಲಿ ಎಂದು ಬಂದವರಿಗೆಲ್ಲ ನಡೆದು ತೋರಿಸುತ್ತಿದ್ದ.

ಕಿರಿಮಗ ಗುದ್ದಲಿ ಎತ್ತಿದ ಕೂಡಲೇ ಹಿರಿಯವನು ತಡೆದ. "ಅಲ್ಲಿ ಬ್ಯಾಡ ಕಣ್ಲಾ, ಅದು ಪ್ಲಾಟ್‌ಫಾರಮ್ಮು. ನಾಳೆ ಜನ ಅಪ್ಪನ್ನ ತುಳೀತಾರೆ."

"ಯಾವ ಜನ ಬತ್ತಾರಣ್ಣ? ರೈಲೆಲ್ಲೈತೆ?"

ಈರಣ್ಣನ ಹೆಂಡತಿ ಕೆಂಚಮ್ಮ ಕಣ್ಣೊರೆಸಿಕೊಂಡು ಜಾಗ ತೋರಿಸಿದಳು. "ವೇಟಿಂಗ್ ರೂಮಲ್ಲಿ ಮಲಗಿಸ್ರಲಾ. ಕಾಯೋದು ನಿಮ್ಮಪ್ಪಂಗೆ ರೂಢಿ."

ಅಲ್ಲೇ ಮಲಗಿಸಿದೆವು. ನಮ್ಮ ಸ್ಟೇಷನ್ನಿಗೆ ಮೊದಲ ಪ್ರಯಾಣಿಕ ಬಂದಾಯಿತು. ಇನ್ನು ರೈಲೊಂದು ಬಾಕಿ.