ಹಾರ್ನ್ ಎಣಿಸಿದ ಮಾಸ್ತರು

ಹೊನ್ನಾವರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಕೃಷ್ಣಾನಂದ ಮಾಸ್ತರರು, ಭೂಮಿಯ ಮೇಲೆ ಯಾರೂ ಇನ್ನೂ ಕೇಳಿಸಿಕೊಳ್ಳದ ಸದ್ದುಗಳನ್ನು ಎಣಿಸುತ್ತ ಅರ್ಧ ತಲೆ ನರೆಸಿಕೊಂಡಿದ್ದರು. ಸತ್ತ ನಕ್ಷತ್ರಗಳೆರಡು ಒಂದನ್ನೊಂದು ಸುತ್ತಿ ಸುತ್ತಿ ಡಿಕ್ಕಿಯಾದರೆ ಗುರುತ್ವದ ಅಲೆ ಏಳುತ್ತದೆ. ಅಂಥ ಜೋಡಿಗಳು ವಿಶ್ವದಲ್ಲಿ ಎಷ್ಟಿವೆ ಎಂಬುದೇ ಅವರ ಪಿಎಚ್.ಡಿ. ಪ್ರಬಂಧ. ಉತ್ತರ ‘ತೀರಾ ಕಡಿಮೆ’ ಮತ್ತು ‘ತೀರಾ ಹೆಚ್ಚು’ ಇವೆರಡರ ನಡುವೆ ಎಲ್ಲೋ ಇತ್ತು.

2003ರಲ್ಲಿ ಧಾರವಾಡದ ಮಾರ್ಗದರ್ಶಕರ ತಾಳ್ಮೆ ಮುಗಿಯಿತು. “ಕೇಳಿಸಿದ್ದರಿಂದ ಕೇಳಿಸದ್ದನ್ನ ಲೆಕ್ಕ ಹಾಕ್ತೀರಲ್ಲ, ಆ ವಿಧಾನ ಮೊದಲು ನಿಮ್ಮೂರಾಗ ಖರೆ ಮಾಡಿ ತೋರಿಸ್ರಿ. ಇಲ್ಲಾಂದ್ರ ಸಹಿ ಇಲ್ಲ.”

ಮಾಸ್ತರರು ಅಟ್ಟದ ಕೋಣೆಯಲ್ಲಿ ಕೂತು ಮೀನು ಮಾರುವವರ ಸೈಕಲ್ ಹಾರ್ನ್ ಎಣಿಸತೊಡಗಿದರು. ಜೋರಾಗಿ ಕೇಳಿಸಿದವ ಹತ್ತಿರದವ, ಕ್ಷೀಣವಾಗಿ ಕೇಳಿಸಿದವ ದೂರದವ, ಕೇಳಿಸದೇ ಇರುವವರು ಅದಕ್ಕೂ ಹೆಚ್ಚು. ವಾರ ಕಳೆಯುವಷ್ಟರಲ್ಲಿ ಊರ ಆ ಮಗ್ಗುಲಿಗೆ ನಲವತ್ತು ಮೀನು ವ್ಯಾಪಾರಿಗಳು ಎಂದು ಸಿದ್ಧವಾಯಿತು.

ಹೆಂಡತಿ ಸುಷ್ಮಾ ಬಂಗಡೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. “ನಲವತ್ತು ಜನವಾ? ಇಲ್ಲಿಗೆ ಬರುದು ಶನಿಯಾರ ಅನ್ನೂ ಹೆಸರಿನಂವ ಒಬ್ಬನೇ.”

“ಹಾಗಾರೆ ಆ ಹಾರ್ನೆಲ್ಲ ಎಂತದು?”

“ನಾ ‘ರೇಟು ಇಳಿಸು’ ಅಂತೆ. ಅಂವ ಸಿಟ್ಟಲ್ಲಿ ತಿರುವಿನವರೆಗೆ ಹೋಗಿ ಪೊಂ ಅಂತ ಹಾರ್ನ್ ಹೊಡೀತ. ನಾ ಕರೂದಿಲ್ಲ. ಗುಡ್ಡದ ಬುಡಕ್ಕೆ ಹೋಗಿ ಮತ್ತೊಂದು ಪೊಂ. ಕಡೆಗೆ ತಿರುಗಿ ಬಂದು ಕೊಡ್ತ. ದಿನಾ ಇದೇ.”

ಮಾಸ್ತರರ ಮುಖ ಬಾಡಿತು. ಸಹಿ ಮಾತ್ರವಲ್ಲ, ಇಡೀ ವಿಶ್ವವೇ ಕೈತಪ್ಪುತ್ತಿತ್ತು. “ಒಂದು ವಾರ ಚೌಕಾಶಿ ಮಾಡೂದು ಬೇಡ,” ಎಂದು ಬೇಡಿಕೊಂಡರು.

“ಅಂವ ತಲೆ ಮೇಲೆ ಕೂತ್ಕಣ್ತ, ನೋಡಿ,” ಎಂದಳು ಸುಷ್ಮಾ. ಆದರೆ ಆ ನರೆಗೂದಲಿನ ಕಡೆ ಕಣ್ಣು ಹೋಯಿತು. “ಆತು.”

ಮರುದಿನದಿಂದ ದಿನಕ್ಕೆ ಒಂದೇ ಹಾರ್ನು. ಲೆಕ್ಕವೂ ಒಬ್ಬನನ್ನೇ ತೋರಿಸಿತು. ‘ಬಾಹ್ಯ ಗದ್ದಲವನ್ನು ನಿವಾರಿಸಲಾಗಿದೆ’ ಎಂದು ಪ್ರಬಂಧದಲ್ಲಿ ಬರೆದರು. ಗದ್ದಲ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿತ್ತು. ಸಹಿ ಬಿತ್ತು.

ಡಾಕ್ಟರೇಟ್ ಬಂದ ಮೇಲೂ ಶನಿಯಾರ ಒಂದೇ ಸಲ ಪೊಂ ಅನ್ನುತ್ತಿದ್ದ. ರೇಟು ಮಾತ್ರ ಇಳಿಯಲಿಲ್ಲ. “ಡಾಕ್ಟರ್ರ ಮನೆ ಅಲ್ದ ಅಮ್ಮ,” ಎಂದು ನಗುತ್ತಿದ್ದ.

ಒಂದು ಬೆಳಿಗ್ಗೆ ಸುಷ್ಮಾ ಅಟ್ಟದತ್ತ ಕೂಗಿದಳು: “ಡಾಕ್ಟರ್ರೆ, ಇಳಿದು ಬನ್ನಿ. ಇನ್ನು ಮೀನು ನೀವೇ ತಕಣಿ.”

ಮಾಸ್ತರರು ಇಳಿದು ಬಂದು ಬುಟ್ಟಿಯ ಮುಂದೆ ನಿಂತರು. ಶನಿಯಾರ ಹೇಳಿದ ರೇಟು ಕೇಳಿಸಿತು. ಜೇಬಿನಿಂದ ಹಣ ತೆಗೆದು, ಹೇಳಿದಷ್ಟನ್ನೂ ಎಣಿಸಿ ಕೊಟ್ಟರು.