ಫರ್ಹಾನಾ ಮುಗಿಸದ ಕೋರ್ಸುಗಳು

2023ರ ಕೊನೆಯಲ್ಲಿ ನಾನು ದೆಹಲಿ ಪಕ್ಕದ ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಪ್ರೋಗ್ರಾಮರ್ ಆಗಿದ್ದೆ. ಇರುವ ಕೆಲಸಕ್ಕೇ ಉಸಿರಾಡಲು ಪುರಸೊತ್ತಿಲ್ಲದಿದ್ದಾಗ ಮ್ಯಾನೇಜರ್ ಇನ್ನೊಂದು ಹೊರೆ ಹೊರಿಸಿದರು. ಗ್ರಾಹಕರ ಫೋನ್ ಕರೆಗಳಿಗೆ ಉತ್ತರಿಸುವ ಸಪೋರ್ಟ್ ವಿಭಾಗವನ್ನು ಮಾರ್ಚ್ ಹೊತ್ತಿಗೆ ಮುಚ್ಚುವುದೆಂದು ತೀರ್ಮಾನವಾಗಿತ್ತು. ಅಲ್ಲಿದ್ದವರು ಪ್ರೋಗ್ರಾಮಿಂಗ್ ಪರೀಕ್ಷೆ ಪಾಸಾದರೆ ನಮ್ಮ ವಿಭಾಗಕ್ಕೆ ಬರಬಹುದು, ಇಲ್ಲದಿದ್ದರೆ ಮನೆಗೆ. ಅವರಲ್ಲಿ ನಿಮ್ಮ ಕರ್ನಾಟಕದ ಹುಡುಗಿಯೊಬ್ಬಳಿದ್ದಾಳೆ, ತಯಾರು ಮಾಡಿ ಎಂದರು.

ಆ ಹುಡುಗಿಯೇ ತುಮಕೂರಿನ ಫರ್ಹಾನಾ. ಬಿ.ಕಾಂ. ಓದಿದವಳು. ಇಂದಿರಾಪುರಂನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಪಿಜಿಯಲ್ಲಿದ್ದಳು. ಕೆಲಸ ಹೋದರೆ ವಾಪಸ್ ಬಾ ಎಂದು ಮನೆಯವರು ಹೇಳಿಯಾಗಿತ್ತು. ಅವಳಿಗದು ಸುತರಾಂ ಬೇಕಿರಲಿಲ್ಲ.

ಊಟದ ಹೊತ್ತಿಗೆ ಆಫೀಸಿನ ಕ್ಯಾಂಟೀನಿನಲ್ಲಿ ಭೇಟಿಯಾದೆವು. "ನಾನು ಕಂಪ್ಯೂಟರ್ ಸೈನ್ಸ್ ಓದ್ತಾನೇ ಇದ್ದೀನಿ ಮೇಡಂ, ಎಲ್ಲಾ ಫ್ರೀ" ಎಂದಳು. ದೊಡ್ಡ ದೊಡ್ಡ ಯೂನಿವರ್ಸಿಟಿಗಳು ತಮ್ಮ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಹಾಕಿವೆ. ಅವುಗಳಲ್ಲಿ ಒಂಬತ್ತು ಕೋರ್ಸಿಗೆ ಇವಳು ಸೇರಿದ್ದಳು. ಯಾವ ಪ್ರೊಫೆಸರ್ ಬೋರ್ಡಿನ ಮೇಲೆ ಚೆನ್ನಾಗಿ ಬರೆಯುತ್ತಾರೆ, ಯಾರು ತಮಾಷೆ ಮಾಡುತ್ತಾರೆ, ಯಾರು ಗಂಟಲು ಸರಿಮಾಡಿಕೊಳ್ಳುತ್ತಲೇ ಇರುತ್ತಾರೆ, ಎಲ್ಲ ಬಾಯಿಪಾಠ. ನನಗೆ ಖುಷಿಯೇ ಆಯಿತು. ಮಾಡಿದ ಹೋಮ್‌ವರ್ಕ್ ತೋರಿಸು ಎಂದೆ. ತೋರಿಸಿದಳು. ಪ್ರೋಗ್ರಾಂ ಒಂದು ತಪ್ಪೂ ಇಲ್ಲದೆ ಓಡಿತು.

"ಈ ನಾಲ್ಕನೇ ಸಾಲು ಯಾಕೆ ಬೇಕು?" ಎಂದು ಕೇಳಿದೆ.

"ಅದು ಅಲ್ಲಿ ಹಾಗೇ ಇತ್ತು ಮೇಡಂ" ಎಂದಳು. ಹೋಮ್‌ವರ್ಕಿನ ಉತ್ತರವನ್ನೂ ಇಂಟರ್ನೆಟ್ಟಿನಿಂದಲೇ ನಕಲು ಮಾಡಿದ್ದಳು. ಉಳಿದ ಕೋರ್ಸುಗಳಲ್ಲಿ ಹೋಮ್‌ವರ್ಕ್ ಕಷ್ಟವಾದ ವಾರವೇ ಅವಳು ಯೂನಿವರ್ಸಿಟಿ ಬದಲಿಸಿದ್ದಳು. "ಅಲ್ಲಿಗಿಂತ ಇಲ್ಲಿಯವರು ಚೆನ್ನಾಗಿ ಹೇಳ್ತಾರೆ ಮೇಡಂ, ನೋಡಿದಾಗ ಎಲ್ಲಾ ಅರ್ಥ ಆಗುತ್ತೆ."

"ಅರ್ಥ ಆಗಿರೋದು ಪ್ರೊಫೆಸರಿಗೆ!" ಎಂದು ಕೂಗಿಬಿಟ್ಟೆ. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಅವಳ ಮುಂದೆ ಖಾಲಿ ಪರದೆ ತೆರೆದಿಟ್ಟು, ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ ಬರಿ ಎಂದೆ. ಊಟದ ಸಮಯ ಮುಗಿಯಿತು, ಪರದೆ ಖಾಲಿಯೇ ಇತ್ತು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಜನವರಿಯ ಒಂದು ಭಾನುವಾರ ನಮ್ಮ ಮನೆಗೆ ಕರೆಸಿ, ಎಲ್ಲ ವಿಡಿಯೊ ಮುಚ್ಚಿಸಿ, ನೀನೇ ಒಂದು ಪ್ರೋಗ್ರಾಂ ಬರಿ ಎಂದೆ. ಏನು ಬರೆಯಲಿ ಎಂದು ಮುಖ ಸಣ್ಣ ಮಾಡಿದಳು. ಮಾತು ಪಿಜಿಯ ಕಡೆ ಹೊರಳಿತು. ಆರು ಹುಡುಗಿಯರಿಗೆ ಒಂದೇ ಗೀಸರ್, ದೆಹಲಿಯ ಚಳಿ, ದಿನಾ ಬೆಳಿಗ್ಗೆ ಜಗಳ. "ಅದನ್ನೇ ಬರಿ. ಯಾರು ಎಷ್ಟು ಗಂಟೆಗೆ ಆಫೀಸಿಗೆ ಹೊರಡ್ತಾರೆ ಅಂತ ಕೊಟ್ಟರೆ, ಬೇಗ ಹೊರಡೋರಿಗೆ ಮೊದಲು ಸರದಿ" ಎಂದೆ.

ಒಂದು ವಾರ ಒದ್ದಾಡಿ ಬರೆದಳು. ಮೊದಲ ದಿನವೇ ಎಡವಟ್ಟು. ಹತ್ತು ಗಂಟೆಗೆ ಹೊರಡುವವಳಿಗೆ ಮೊದಲ ಸ್ನಾನ, ಎಂಟಕ್ಕೆ ಹೊರಡುವ ಪೂಜಾಗೆ ಅವಳ ನಂತರ, ಅದೂ ತಣ್ಣೀರು. ಪೂಜಾ ಬಾಗಿಲು ಬಡಿದು "ಯೇ ಕ್ಯಾ ಬಕ್ವಾಸ್ ಹೈ!", ಏನಿದು ತಲೆಹರಟೆ, ಎಂದು ಇಡೀ ಪಿಜಿ ಎಬ್ಬಿಸಿದಳಂತೆ.

ಅವಳು ಫೋನಿನಲ್ಲಿ ಹೇಳುತ್ತಿದ್ದಂತೆಯೇ ನನಗೆ ತಪ್ಪು ಹೊಳೆಯಿತು. ಹೇಳಲಿಲ್ಲ. ಅವಳು ಅಳುತ್ತಾ, "ಮೇಡಂ, ತಪ್ಪು ಹುಡುಕೋದು ಹೇಗೆ ಅಂತಾನೇ ಒಂದು ಕೋರ್ಸ್ ಇದೆ, ಫ್ರೀ, ಸೇರ್ಕೊಳ್ಲಾ?" ಎಂದಳು. ಆ ಕ್ಷಣ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಸಾರಾಂಶ ಇಷ್ಟೇ: ಪ್ರತಿ ಸಾಲಿನ ನಂತರ ಕಂಪ್ಯೂಟರಿನ ತಲೆಯಲ್ಲಿ ಏನಿದೆ ಎಂದು ಪರದೆಯ ಮೇಲೆ ಬರೆಸು, ನೋಡು, ಸಿಗುವವರೆಗೆ ನನಗೆ ಫೋನ್ ಮಾಡಬೇಡ.

ಎರಡು ದಿನ ಫೋನಿಲ್ಲ. ಮೂರನೆಯ ದಿನ ನನ್ನ ಡೆಸ್ಕಿಗೇ ಓಡಿಬಂದಳು. "ಸಿಕ್ತು ಮೇಡಂ! ಅದು ಗಂಟೆನ ನಂಬರ್ ಅಂತ ಓದ್ತಾನೇ ಇಲ್ಲ, ಅಕ್ಷರ ಅಂತ ಓದ್ತಿದೆ! ಹತ್ತರ ಮೊದಲನೇ ಅಕ್ಷರ ಒಂದು, ಅದು ಎಂಟಕ್ಕಿಂತ ಮುಂಚೆ ಬರುತ್ತಲ್ಲಾ, ಅದಕ್ಕೇ ಹತ್ತು ಮುಂದೆ ಹೋಗಿದೆ!" ಈ ಪಾಠವನ್ನು ಅವಳು ಮೂರು ಯೂನಿವರ್ಸಿಟಿಗಳಲ್ಲಿ ಕೇಳಿದ್ದಳು.

ಮಾರ್ಚಿಗೆ ಮೊದಲೇ ಪರೀಕ್ಷೆ ನಡೆಯಿತು. ಮೂಲೆಯಲ್ಲಿ ಕೂತು ನೋಡಲು ಮಾತ್ರ ನನಗೆ ಅನುಮತಿ. ಮೊದಲ ಪ್ರಶ್ನೆಯಲ್ಲಿ ಅವಳು ಪೂರ್ತಿ ಕೈಚೆಲ್ಲಿದಳು. ಎರಡನೆಯದು ತಪ್ಪು ಉತ್ತರ ಕೊಡುವ ಒಂದು ಪ್ರೋಗ್ರಾಂ, ಅದರ ದೋಷ ಹುಡುಕಬೇಕು. ಫರ್ಹಾನಾ ದುಪಟ್ಟಾ ಹಿಂದೆ ಸರಿಸಿ, ಪ್ರತಿ ಸಾಲಿನ ನಂತರ ಏನಿದೆ ಎಂದು ಪರದೆಯ ಮೇಲೆ ಬರೆಸುತ್ತಾ ಹೋಗಿ, ದೋಷದ ಮೇಲೆ ಬೆರಳಿಟ್ಟಳು.

ಪರೀಕ್ಷಕರು ಅರ್ಜಿಯತ್ತ ನೋಡಿ ಕೇಳಿದರು: "ಆನ್‌ಲೈನ್ ಸ್ಟಡಿ ಅಂತ ಬರೆದಿದ್ದೀರಿ. ಎಷ್ಟು ಕೋರ್ಸ್ ಮುಗಿಸಿದ್ದೀರಿ?"

"ಒಂದೂ ಇಲ್ಲ ಸರ್. ಗೀಸರಿಗೆ ಒಂದು ಪ್ರೋಗ್ರಾಂ ಮುಗಿಸಿದ್ದೀನಿ."

ಆರು ತಿಂಗಳ ಪ್ರೊಬೇಷನ್ ಮೇಲೆ ಅವಳನ್ನು ತೆಗೆದುಕೊಂಡರು. ಆ ಸಂಜೆ ಅವಳಿಗಿಂತ ಹೆಚ್ಚು ಸಿಹಿ ತಿಂದದ್ದು ನಾನೇ.

ಉಚಿತ ಪಾಠಗಳ ಮೇಲೆ ನನಗೆ ಸಿಟ್ಟಿಲ್ಲ. ನಾವು ಓದುವಾಗ ಅವು ಇದ್ದಿದ್ದರೆ ಎಂದು ಹೊಟ್ಟೆ ಉರಿಯುವುದೂ ಉಂಟು. ಆದರೆ ಹೋಮ್‌ವರ್ಕ್ ಎಲ್ಲಿ ಎಂದು ಬಾಗಿಲಲ್ಲಿ ನಿಂತು ಕೇಳುವವರು ಅಲ್ಲಿ ಇಲ್ಲ. ಆ ಕೇಳುವ ಕೆಲಸ ಯಾರಾದರೂ ಮಾಡಲೇಬೇಕು, ಮಾಡುವವರಿಗೆ ಎಷ್ಟೇ ರೇಗಿದರೂ.

ಕಳೆದ ತಿಂಗಳು ಅವಳಿಂದ ಒಂದು ಲಿಂಕ್ ಬಂತು: "ಮೇಡಂ, ಹೊಸ ಕೋರ್ಸ್, ಇವರು ತುಂಬಾ ಚೆನ್ನಾಗಿ ಹೇಳ್ತಾರೆ!" ಹಲ್ಲು ಕಚ್ಚಿ, "ಹೋಮ್‌ವರ್ಕ್ ಕಳಿಸು" ಎಂದು ಬರೆದೆ. ತಕ್ಷಣ ಫೈಲ್ ಬಂತು. ಓಡಿಸಿ ನೋಡಿದೆ, ಓಡಲಿಲ್ಲ. ಸದ್ಯ, ಅವಳೇ ಬರೆದಿದ್ದಾಳೆ.